ಎರಡು ಟ್ಯಾಂಕಿನ ಹಳೇ ಫೋರ್ಡ್ ಪಿಕಪ್: ಪೆಟ್ರೋಲ್ ಪಂಪ್, ಪೈಪ್, ಟ್ಯಾಂಕ್ ರಿಪೇರಿಯ ಸಮಗ್ರ ಮಾರ್ಗದರ್ಶಿ

"ಪಂಪ್ ಹೋಗಿದೆ ಕಣೋ. ಗ್ಯಾರೇಜಿನವರು ಟ್ಯಾಂಕ್ ಇಳಿಸಬೇಕು ಅಂತಿದಾರೆ" ಅಂತ ಗೆಳೆಯ ಫೋನ್ ಮಾಡಿದ.

"ಟ್ಯಾಂಕ್ ಸ್ವಿಚ್ ಆ ಕಡೆ ಒತ್ತಿ ನೋಡಿದ್ಯಾ?"

"ಇಲ್ವಲ್ಲ."

"ಒತ್ತಿ, ಕೀ ತಿರುಗಿಸು."

ಗಾಡಿ ಸ್ಟಾರ್ಟ್ ಆಯಿತು. ಇಂಜಿನ್, ಫಿಲ್ಟರ್, ರಿಲೇ (ಪಂಪಿಗೆ ಕರೆಂಟ್ ಬಿಡುವ ಸ್ವಿಚ್ಚು) ಎಲ್ಲ ಸರಿ ಇದ್ದವು. ತೊಂದರೆ ಇದ್ದದ್ದು ಮುಂದಿನ ಟ್ಯಾಂಕಿನ ಕಡೆ ಮಾತ್ರ. ಕೊನೆಗೆ ಸಿಕ್ಕಿದ್ದು ತುಕ್ಕು ತಿಂದ ಒಂದು ಅರ್ಥ್ ವೈರು, ಅಂದರೆ ಪಂಪಿನ ಕರೆಂಟ್ ಚಾಸಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ವೈರು. ಟ್ಯಾಂಕ್ ಇಳಿಸುವ ಅಗತ್ಯವೇ ಬೀಳಲಿಲ್ಲ.

ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಒಂದೇ ಟ್ಯಾಂಕಿನ ಗಾಡಿ ಕೆಟ್ಟರೆ ಅಂದಾಜಿನ ಮೇಲೆ ಹುಡುಕಬೇಕು. ಎರಡು ಟ್ಯಾಂಕಿನ ಗಾಡಿಯಲ್ಲಿ ಸರಿಯಿರುವ ಟ್ಯಾಂಕೇ ನಿಮಗೆ ಸಾಕ್ಷಿ ಹೇಳುತ್ತದೆ. ಅದನ್ನು ಮೊದಲು ಕೇಳಿ, ಆಮೇಲೆ ಪಾನಾ ಹಿಡಿಯಿರಿ.

ನಾನಿರುವುದು ಅಮೆರಿಕದ ಓಹಾಯೋದಲ್ಲಿ. ನನ್ನದು 1991ರ ಫೋರ್ಡ್ ಎಫ್-150, 4.9 ಲೀಟರಿನ ಆರು ಸಿಲಿಂಡರ್ ಇಂಜಿನ್. ಹಾಗಾಗಿ 1987ರಿಂದ 1996ರವರೆಗಿನ, ಪೆಟ್ರೋಲ್ ಇಂಜೆಕ್ಷನ್ (ಒತ್ತಡದಿಂದ ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಇರುವ ಎಫ್-ಸರಣಿಯ ಗಾಡಿಗಳ ಬಗ್ಗೆಯೇ ಬರೆಯುತ್ತೇನೆ. ಡೀಸೆಲ್ ಗಾಡಿಯ ಲೆಕ್ಕ ಬೇರೆ. ಇಲ್ಲಿ ಎಲ್ಲರೂ ಗ್ಯಾಸ್ ಅಂತಾರೆ. ನಾನು ಪೆಟ್ರೋಲ್ ಅಂತಲೇ ಬರೆಯುತ್ತೇನೆ.

ಏನು ಎಲ್ಲಿದೆ

ಮುಂದಿನ ಟ್ಯಾಂಕ್ ಡ್ರೈವರ್ ಬದಿಯಲ್ಲಿ, ಚಾಸಿಯ ಉದ್ದದ ಕಂಬಿಯ ಒಳಗಡೆ, ಗಾಡಿಯ ನಡುಭಾಗದಲ್ಲಿರುತ್ತದೆ. ಹಿಂದಿನದು ಹಿಂದಿನ ಆಕ್ಸಲ್‌ನ ಆಚೆ, ಸಾಮಾನು ಹೇರುವ ಬೆಡ್‌ನ ಕೆಳಗೆ. ಮಾದರಿಯ ಮೇಲೆ ಒಂದೊಂದರಲ್ಲಿ ಸುಮಾರು 60ರಿಂದ 70 ಲೀಟರ್ ಹಿಡಿಯುತ್ತದೆ. ಪೆಟ್ರೋಲ್ ತುಂಬಿಸುವ ಬಾಯಿ ಎರಡಕ್ಕೂ ಎಡಬದಿಯಲ್ಲೇ. ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಸ್ವಿಚ್ ಇರುತ್ತದೆ. ಅದನ್ನು ಒತ್ತಿದಾಗ ಎರಡು ಕೆಲಸ ಆಗುತ್ತದೆ: ಆ ಟ್ಯಾಂಕಿನ ಪಂಪಿಗೆ ಕರೆಂಟ್ ಹೋಗುತ್ತದೆ, ಮೀಟರ್ ಆ ಟ್ಯಾಂಕಿನ ಮಟ್ಟ ತೋರಿಸುತ್ತದೆ. ಊರಿನ ಬೈಕಿನಲ್ಲಿ ರಿಸರ್ವ್‌ಗೆ ತಿರುಗಿಸುತ್ತಿದ್ದೆವಲ್ಲ, ಅಲ್ಲಿ ಟ್ಯಾಂಕ್ ಒಂದೇ. ಇಲ್ಲಿ ಟ್ಯಾಂಕೂ ಬೇರೆ, ಪಂಪೂ ಬೇರೆ.

ಒಂದು ವ್ಯತ್ಯಾಸ ಗೊತ್ತಿರಲೇಬೇಕು. 1987ರಿಂದ 1989ರ ಗಾಡಿಗಳಲ್ಲಿ ಟ್ಯಾಂಕಿನೊಳಗೆ ಸಣ್ಣ ಒತ್ತಡದ ಪಂಪು, ಚಾಸಿಯ ಮೇಲೆ ದೊಡ್ಡ ಒತ್ತಡದ ಇನ್ನೊಂದು ಪಂಪು. ಎರಡೂ ಟ್ಯಾಂಕಿನ ಪೈಪುಗಳು ಚಾಸಿಗೆ ಕೂರಿಸಿದ ಒಂದು ಡಬ್ಬಿಯಲ್ಲಿ ಸೇರುತ್ತವೆ. ಯಾವ ಟ್ಯಾಂಕಿನಿಂದ ಪೆಟ್ರೋಲ್ ಬರಬೇಕು, ಉಳಿದದ್ದು ಯಾವುದಕ್ಕೆ ವಾಪಸ್ ಹೋಗಬೇಕು ಎಂದು ತೀರ್ಮಾನಿಸುವ ವಾಲ್ವ್ ಆ ಡಬ್ಬಿಯೊಳಗಿದೆ. 1990ರಿಂದ ಆ ಡಬ್ಬಿ, ಹೊರಗಿನ ಪಂಪು ಎರಡೂ ಹೋದವು. ದೊಡ್ಡ ಒತ್ತಡದ ಪಂಪು ಪ್ರತಿ ಟ್ಯಾಂಕಿನೊಳಗೇ ಬಂತು. ವಾಲ್ವೂ ಪಂಪಿನ ಜೋಡಣೆಯೊಳಗೇ ಸೇರಿತು. ಈ ಜೋಡಣೆಯನ್ನು ಇಲ್ಲಿ ಮಾಡ್ಯೂಲ್ ಅಂತಾರೆ. ಪಾರ್ಟ್ಸ್ ಕೊಳ್ಳುವಾಗ ಗಾಡಿಯ ವರ್ಷ ಸರಿಯಾಗಿ ಹೇಳಿ. 1989ರದ್ದು 1990ಕ್ಕೆ ಆಗುವುದಿಲ್ಲ.

ಮೊದಲ ಪರೀಕ್ಷೆ: ಸ್ವಿಚ್ಚು ಮತ್ತು ಕಿವಿ

ಎರಡೂ ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ ಎಂದು ಖಚಿತ ಮಾಡಿಕೊಳ್ಳಿ. ಮೀಟರ್ ನಂಬಬೇಡಿ, ತಲಾ 10 ಲೀಟರ್ ಹಾಕಿಬಿಡಿ. ಒಬ್ಬರು ಕೀ ಆನ್ ಮಾಡಲಿ, ಸ್ಟಾರ್ಟ್ ಮಾಡುವುದು ಬೇಡ. ನೀವು ಮುಚ್ಚಳ ತೆಗೆದು ಟ್ಯಾಂಕಿನ ಬಾಯಿಯ ಹತ್ತಿರ ಕಿವಿ ಕೊಡಿ. ಒಂದೆರಡು ಸೆಕೆಂಡು ಗುಂಯ್ ಎಂಬ ಸದ್ದು ಬಂದು ನಿಲ್ಲಬೇಕು. ಸ್ವಿಚ್ ಬದಲಿಸಿ ಇನ್ನೊಂದು ಬಾಯಿಯಲ್ಲೂ ಕೇಳಿ.

ಎರಡರಲ್ಲೂ ಸದ್ದಿಲ್ಲವೇ? ಎರಡು ಪಂಪು ಒಂದೇ ದಿನ ಸಾಯುವುದು ತೀರಾ ಅಪರೂಪ. ತೊಂದರೆ ಎರಡಕ್ಕೂ ಸೇರಿದ ಜಾಗದಲ್ಲಿದೆ: ಫ್ಯೂಸು, ಪಂಪ್ ರಿಲೇ, ಇನರ್ಶಿಯಾ ಸ್ವಿಚ್ ಅಥವಾ ಟ್ಯಾಂಕ್ ಸ್ವಿಚ್ಚೇ. ಒಂದರಲ್ಲಿ ಸದ್ದು ಇದೆ, ಇನ್ನೊಂದರಲ್ಲಿ ಇಲ್ಲ ಎಂದರೆ ಆ ಟ್ಯಾಂಕಿನ ವೈರು, ಅರ್ಥ್ ಅಥವಾ ಪಂಪು. ಎರಡರಲ್ಲೂ ಸದ್ದಿದ್ದು ಎರಡರಲ್ಲೂ ಗಾಡಿ ಎಳೆಯುತ್ತಿಲ್ಲ ಎಂದರೆ ಫಿಲ್ಟರ್ ಅಥವಾ ಪ್ರೆಶರ್ ರೆಗ್ಯುಲೇಟರ್ (ಒತ್ತಡವನ್ನು ಹದದಲ್ಲಿಡುವ ಭಾಗ) ನೋಡಿ. 1987ರಿಂದ 89ರ ಗಾಡಿಯಾದರೆ ಚಾಸಿ ಮೇಲಿನ ಪಂಪನ್ನೂ ಸೇರಿಸಿಕೊಳ್ಳಿ.

ಇನರ್ಶಿಯಾ ಸ್ವಿಚ್ ಬಗ್ಗೆ ಒಂದು ಮಾತು. ಅಪಘಾತವಾದಾಗ ಪಂಪ್ ತಾನಾಗಿ ನಿಲ್ಲಲಿ ಎಂದು ಇಟ್ಟಿರುವುದು ಇದು. ಪಕ್ಕದ ಸೀಟಿನವರು ಕಾಲಿಡುವ ಕಡೆ, ಮುಂದಿನ ಗೋಡೆಗೆ ಹೊಂದಿಕೊಂಡು ಇರುತ್ತದೆ. ಮೇಲೆ ಒಂದು ಗುಂಡಿ. ಯಾರೋ ಕಾಲು ತಾಗಿಸಿದರೂ ಕೆಲವು ಸಲ ಹಾರುತ್ತದೆ. ಗುಂಡಿ ಮೇಲೆದ್ದಿದ್ದರೆ ಒತ್ತಿ ಕೂರಿಸಿ. ಆದರೆ ಗಾಡಿ ಎಲ್ಲಾದರೂ ಗುದ್ದಿ ಹಾರಿದ್ದರೆ, ಮೊದಲು ಕೆಳಗೆ ಬಗ್ಗಿ ಪೆಟ್ರೋಲ್ ಸೋರುತ್ತಿದೆಯಾ ನೋಡಿ, ಆಮೇಲೆ ಒತ್ತಿ.

ಒತ್ತಡ ಅಳೆಯುವುದು

ಪಂಪ್ ಸದ್ದು ಮಾಡಿದ ಮಾತ್ರಕ್ಕೆ ಒತ್ತಡ ಕೊಡುತ್ತಿದೆ ಎಂದಲ್ಲ. ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯ ಮೇಲೆ ಸೈಕಲ್ ಟ್ಯೂಬಿನ ವಾಲ್ವ್ ತರಹದ್ದೊಂದು ಇದೆ. ಪ್ರೆಶರ್ ಗೇಜನ್ನು ಅಲ್ಲಿಗೆ ತಿರುಗಿಸಿ ಕೂರಿಸಿ. 4.9 ಲೀಟರ್ ಇಂಜಿನ್ನಿಗೆ ಕೀ ಆನ್ ಮಾಡಿದಾಗ 50ರಿಂದ 60 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅದೇ ಅಳತೆ) ಬರಬೇಕು. 5.0 ಮತ್ತು 5.8 ಲೀಟರಿನ ವಿ8 ಇಂಜಿನ್ನುಗಳಿಗೆ 35ರಿಂದ 45. ಈ ವ್ಯತ್ಯಾಸ ಗೊತ್ತಿಲ್ಲದೆ ಆರು ಸಿಲಿಂಡರಿನ ಗಾಡಿಯಲ್ಲಿ 40 ನೋಡಿ "ಸರಿ ಇದೆ" ಎಂದುಕೊಳ್ಳುವವರು ಇದ್ದಾರೆ. ಅಲ್ಲಿ 40 ಅಂದರೆ ಕಮ್ಮಿ.

ಎರಡೂ ಟ್ಯಾಂಕಿನಲ್ಲಿ ಅಳೆದು ಬರೆದಿಡಿ. ಒಂದರಲ್ಲಿ 55, ಇನ್ನೊಂದರಲ್ಲಿ 30 ಬಂದರೆ ರೆಗ್ಯುಲೇಟರ್ ಮತ್ತು ಫಿಲ್ಟರ್ ಮೇಲಿನ ಅನುಮಾನ ಅಲ್ಲಿಗೇ ಮುಗಿಯಿತು. ಯಾಕೆಂದರೆ ಎರಡೂ ಟ್ಯಾಂಕಿನ ಪೆಟ್ರೋಲ್ ಅವುಗಳ ಮೂಲಕವೇ ಹೋಗುತ್ತದೆ.

ಫಿಲ್ಟರ್ ಚಾಸಿಯ ಎಡ ಕಂಬಿಯ ಮೇಲಿದೆ. ಒತ್ತಡ ಇಳಿಸಿದ ಮೇಲೆ ಬಿಚ್ಚಿ (ಇಳಿಸುವುದು ಹೇಗೆ ಎಂದು ಮುಂದೆ ಹೇಳಿದ್ದೇನೆ). ಬಿಚ್ಚಿದ್ದನ್ನು ಬಿಸಾಡಬೇಡಿ. ಅದರೊಳಗಿನ ಪೆಟ್ರೋಲನ್ನು ಟ್ಯಾಂಕಿನ ಕಡೆಯ ತುದಿಯಿಂದ ಒಂದು ಗಾಜಿನ ಬಾಟಲಿಗೆ ಬಗ್ಗಿಸಿ ಎರಡು ನಿಮಿಷ ಬಿಡಿ. ತಳದಲ್ಲಿ ಇಟ್ಟಿಗೆ ಬಣ್ಣದ ಪುಡಿ ಕೂತರೆ ಟ್ಯಾಂಕ್ ಒಳಗಿಂದ ತುಕ್ಕು ಹಿಡಿದಿದೆ. ಕರೀ ಚೂರುಗಳು ಬಂದರೆ ಯಾವುದೋ ರಬ್ಬರ್ ಪೈಪು ಒಳಗೆ ಕರಗುತ್ತಿದೆ. ತಳದಲ್ಲಿ ಬೇರೆಯಾಗಿ ನಿಂತ ಗುಳ್ಳೆ ಕಂಡರೆ ನೀರು. ಎಥನಾಲ್ ಬೆರೆಸಿದ ಪೆಟ್ರೋಲ್ ನೀರನ್ನು ಹೀರಿಕೊಳ್ಳುತ್ತದೆ. ಜಾಸ್ತಿಯಾದರೆ ನೀರೂ ಎಥನಾಲೂ ಸೇರಿ ತಳಕ್ಕೆ ಇಳಿಯುತ್ತವೆ. ತಿಂಗಳುಗಟ್ಟಲೆ ಮುಟ್ಟದ ಟ್ಯಾಂಕಿನಲ್ಲಿ ಇದು ಸಾಮಾನ್ಯ. ಎರಡು ಟ್ಯಾಂಕ್ ಇರುವವರು ಒಂದನ್ನು ಮರೆತುಬಿಡುವುದೇ ಇದಕ್ಕೆ ಕಾರಣ.

ಪಂಪನ್ನು ದೂರುವ ಮೊದಲು ಅರ್ಥ್ ನೋಡಿ

ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪು ಚಾಸಿಗೆ ಬಿಗಿದ ಅರ್ಥ್ ವೈರುಗಳನ್ನು ತಿನ್ನುತ್ತದೆ. ಹೊರಗೆ ವೈರು ಚೆನ್ನಾಗೇ ಕಾಣುತ್ತದೆ, ಒಳಗೆ ತಾಮ್ರ ಹಸಿರು ಪುಡಿಯಾಗಿರುತ್ತದೆ.

ಪಂಪ್ ಓಡುತ್ತಿರುವಾಗಲೇ ವೋಲ್ಟ್ ಅಳೆಯಬೇಕು. ಸುಮ್ನೆ ಕನೆಕ್ಟರ್ ಬಿಚ್ಚಿ ಅಳೆದರೆ 12 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ. ಒಂದು ಎಳೆ ತಾಮ್ರ ಉಳಿದಿದ್ದರೂ ಮೀಟರಿಗೆ ಅಷ್ಟು ಸಾಕು, ಪಂಪಿಗೆ ಸಾಲುವುದಿಲ್ಲ. ಪಂಪ್ ಒಂದೆರಡು ಸೆಕೆಂಡಿಗೆ ನಿಲ್ಲುತ್ತದಲ್ಲ ಅಂತೀರಾ? ಬಾನೆಟ್ ಕೆಳಗಿನ ಟೆಸ್ಟ್ ಕನೆಕ್ಟರಿನಲ್ಲಿ ಪಂಪಿಗೆಂದೇ ಒಂದು ತುದಿ ಇದೆ. ಕೀ ಆನ್ ಇಟ್ಟು ಅದನ್ನು ಅರ್ಥ್‌ಗೆ ಮುಟ್ಟಿಸಿದರೆ ಪಂಪ್ ನಿಲ್ಲದೆ ಓಡುತ್ತದೆ. ನಿಮ್ಮ ವರ್ಷದ ವೈರಿಂಗ್ ನಕ್ಷೆ ನೋಡಿ ಸರಿಯಾದ ತುದಿಯನ್ನೇ ಹಿಡಿಯಿರಿ.

ಹೀಗೆ ಓಡಿಸುತ್ತಾ ಪಂಪಿನ ಅರ್ಥ್ ವೈರಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಅಳೆಯಿರಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ದಾಟಿದರೆ ಅರ್ಥ್ ಕೆಟ್ಟಿದೆ. ಗೆಳೆಯನ ಗಾಡಿಯಲ್ಲಿ ಸುಮಾರು 4 ವೋಲ್ಟ್ ಬಂತು. ಬೋಲ್ಟ್ ಬಿಚ್ಚಿ, ಚಾಸಿಯನ್ನು ತಂತಿ ಬ್ರಷ್‌ನಿಂದ ಹೊಳೆಯುವ ತನಕ ಉಜ್ಜಿ, ವೈರಿಗೆ ಹೊಸ ತುದಿ ಹಾಕಿ ಬಿಗಿದೆವು. ಮೇಲೆ ಗ್ರೀಸ್ ಹಚ್ಚಿದೆವು. ಅರ್ಧ ಗಂಟೆಯ ಕೆಲಸ.

ಒಂದು ಟ್ಯಾಂಕ್ ಖಾಲಿ, ಇನ್ನೊಂದು ತುಂಬಿ ಹರಿಯುವುದು

ಈ ಗಾಡಿಗಳ ಹೆಸರಾಂತ ತೊಂದರೆ ಇದು. ಇಂಜಿನ್ ಬಳಸದೆ ಉಳಿದ ಪೆಟ್ರೋಲ್, ಬಂದ ಟ್ಯಾಂಕಿಗೇ ವಾಪಸ್ ಹೋಗಬೇಕು. ವಾಲ್ವ್ ಕೆಟ್ಟರೆ ಇನ್ನೊಂದಕ್ಕೆ ಹೋಗುತ್ತದೆ. ಅದು ಮೊದಲೇ ತುಂಬಿದ್ದರೆ ಬಾಯಿಯಿಂದ ಹೊರಗೆ ಚೆಲ್ಲುತ್ತದೆ. 1990ರಿಂದ 1993ರ ಎರಡು ಟ್ಯಾಂಕಿನ ಎಫ್-ಸರಣಿ ಗಾಡಿಗಳನ್ನು ಇದೇ ಕಾರಣಕ್ಕೆ ಫೋರ್ಡ್ 1993ರಲ್ಲಿ ವಾಪಸ್ ಕರೆಸಿ ಸರಿಮಾಡಿಕೊಟ್ಟಿತ್ತು. ಆದರೆ ಈಗ ಆ ಗಾಡಿಗಳಿಗೆ 30 ವರ್ಷ ದಾಟಿದೆ. ಆಮೇಲೆ ಎಷ್ಟು ಸಲ ಪಂಪ್ ಬದಲಾಗಿದೆಯೋ ಯಾರಿಗೆ ಗೊತ್ತು.

ಪರೀಕ್ಷೆ ಸುಲಭ. ಎರಡೂ ಟ್ಯಾಂಕ್ ಅರ್ಧ ಇರಲಿ. ಸ್ವಿಚ್ಚನ್ನು ಹಿಂದಿನ ಟ್ಯಾಂಕಿಗೆ ಹಾಕಿ 30 ಮೈಲಿ ಓಡಿಸಿ. ನಡುವೆ ಸ್ವಿಚ್ ಮುಟ್ಟಬೇಡಿ. ನಿಂತ ಮೇಲೆ ಸ್ವಿಚ್ ಬದಲಿಸಿ ಮುಂದಿನ ಟ್ಯಾಂಕಿನ ಮುಳ್ಳು ನೋಡಿ. ಏರಿದೆಯಾ? ಹಾಗಾದರೆ ತಪ್ಪು ಯಾರದು?

ಬಹಳ ಜನ ಇಲ್ಲಿ ಎಡವುತ್ತಾರೆ. ಹಿಂದಿನ ಟ್ಯಾಂಕ್ ಬೇಗ ಖಾಲಿಯಾಯಿತು ಎಂದು ಹಿಂದಿನ ಮಾಡ್ಯೂಲ್ ಬದಲಿಸುತ್ತಾರೆ. ತೊಂದರೆ ಹಾಗೇ ಉಳಿಯುತ್ತದೆ. ಸ್ವಲ್ಪ ಯೋಚಿಸಿ. ಪಂಪ್ ಓಡುವಾಗ ಅದರದೇ ಒತ್ತಡ ಆ ಮಾಡ್ಯೂಲಿನ ವಾಪಸ್ ಬಾಗಿಲನ್ನು ತೆರೆಯುತ್ತದೆ. ಪಂಪ್ ನಿಂತ ಟ್ಯಾಂಕಿನ ಬಾಗಿಲು ಮುಚ್ಚಿರಬೇಕು. ಮುಂದಿನ ಟ್ಯಾಂಕ್ ತುಂಬುತ್ತಿದೆ ಎಂದರೆ, ಮುಚ್ಚಬೇಕಾದ ಮುಂದಿನ ಬಾಗಿಲು ಮುಚ್ಚಿಲ್ಲ. ಹಾಗಾಗಿ ಹೆಚ್ಚಿನ ಸಲ ಬದಲಿಸಬೇಕಾದ್ದು ತುಂಬುತ್ತಿರುವ ಟ್ಯಾಂಕಿನ ಮಾಡ್ಯೂಲು, ಖಾಲಿಯಾಗುತ್ತಿರುವುದರದ್ದಲ್ಲ. 1987ರಿಂದ 89ರ ಗಾಡಿಯಾದರೆ ಟ್ಯಾಂಕ್ ಮುಟ್ಟಬೇಡಿ, ಚಾಸಿ ಮೇಲಿನ ಡಬ್ಬಿಯನ್ನೇ ಬದಲಿಸಿ.

ಮಾಡ್ಯೂಲ್ ಬದಲಿಸುವಾಗ ಪಂಪ್ ಮಾತ್ರ ಹೊಸದು ಹಾಕಿ ವಾಲ್ವ್ ಹಳೇದೇ ಬಿಟ್ಟರೆ ಪ್ರಯೋಜನವಿಲ್ಲ. ಕೊಳ್ಳುವ ಮುನ್ನ ವಾಲ್ವ್ ಸೇರಿದೆಯಾ ಎಂದು ಕೇಳಿ. ರಿಪೇರಿ ಆಗುವ ತನಕ, ತುಂಬುವ ಟ್ಯಾಂಕನ್ನು ಅರ್ಧಕ್ಕಿಂತ ಮೇಲೆ ತುಂಬಿಸಬೇಡಿ, ಮೊದಲು ಅದನ್ನೇ ಖರ್ಚು ಮಾಡಿ.

ಟ್ಯಾಂಕ್ ಇಳಿಸಲೇಬೇಕಾದರೆ

ಇನ್ನು ಮುಂದಿನದು ಅಪಾಯದ ಕೆಲಸ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಇಲ್ಲಿನ ಕೆಲವು ಮನೆಗಳ ಗ್ಯಾರೇಜಿನಲ್ಲಿ ಗ್ಯಾಸ್ ಗೀಸರ್ ಇರುತ್ತದೆ, ಹಲವುದರ ತಳದಲ್ಲಿ ಸದಾ ಉರಿಯುವ ಸಣ್ಣ ಜ್ವಾಲೆ. ಆದ್ದರಿಂದ ಗ್ಯಾರೇಜಿನೊಳಗೆ ಖಂಡಿತ ಬೇಡ. ಹೊರಗೆ, ಸಮತಟ್ಟಾದ ಕಾಂಕ್ರೀಟ್ ಮೇಲೆ, ಹಗಲಲ್ಲಿ ಮಾಡಿ. ಪೆಟ್ರೋಲ್ ಬೆಂಕಿಗೆ ಆಗುವ ಅಗ್ನಿಶಾಮಕ ಕೈಗೆ ಸಿಗುವ ಕಡೆ ಇರಲಿ. ಒಬ್ಬರೇ ಮಾಡಬೇಡಿ. ತಂತಿ ಬಲ್ಬಿನ ಹ್ಯಾಂಡ್ ಲ್ಯಾಂಪ್ ಬೇಡ, ಬಿದ್ದು ಒಡೆದರೆ ಕಿಡಿ ಹಾರುತ್ತದೆ. ಬ್ಯಾಟರಿಯ ಎಲ್‌ಇಡಿ ಲೈಟ್ ಸಾಕು.

1. ಒತ್ತಡ ಇಳಿಸಿ. ಇಂಜಿನ್ ಓಡುತ್ತಿರುವಾಗ ಇನರ್ಶಿಯಾ ಸ್ವಿಚ್ಚಿನ ಕನೆಕ್ಟರ್ ಎಳೆಯಿರಿ. ಪೈಪಿನಲ್ಲಿರುವುದು ಮುಗಿದು ಇಂಜಿನ್ ನಿಲ್ಲುತ್ತದೆ. ಸ್ಟಾರ್ಟ್ ಆಗದ ಗಾಡಿಯಾದರೆ ಕನೆಕ್ಟರ್ ಎಳೆದಿಟ್ಟು, ಗೇಜಿನ ಬಿಡುಗಡೆ ಪೈಪಿನಿಂದ ಡಬ್ಬಿಗೆ ಹರಿಸಿ. ಟ್ಯಾಂಕ್ ಮುಚ್ಚಳ ಸಡಿಲ ಮಾಡಿ. ಆಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ.

2. ಪೆಟ್ರೋಲ್ ಖಾಲಿ ಮಾಡಿ. ಒಂದು ಲೀಟರ್ ಪೆಟ್ರೋಲ್ ಸುಮಾರು ಮುಕ್ಕಾಲು ಕಿಲೋ ತೂಗುತ್ತದೆ. ತುಂಬಿದ ಟ್ಯಾಂಕ್ ಅಂದರೆ 50 ಕಿಲೋ, ಅದೂ ಒಳಗೆ ಕುಲುಕಾಡುವ ಭಾರ. ಮೇಲಿನ ಬಾಯಿಯಿಂದ ಪೈಪ್ ಇಳಿಸಿದರೆ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಟ್ಯಾಂಕಿಗೆ ಸೇರುವ ದಪ್ಪ ರಬ್ಬರ್ ಪೈಪಿನ ಕ್ಲಿಪ್ ಸಡಿಲಿಸಿ, ಅದನ್ನು ಕಳಚಿ, ಅಲ್ಲಿಂದ ಕೈ ಪಂಪಿನ ಪೈಪ್ ಇಳಿಸಿ. ಬಾಯಲ್ಲಿ ಎಳೆಯಲೇಬೇಡಿ. ಪೆಟ್ರೋಲಿಗೆಂದೇ ಮಾಡಿದ ಡಬ್ಬಿಗಳನ್ನು ನೆಲದ ಮೇಲಿಟ್ಟು ತುಂಬಿಸಿ, ಬಕೆಟ್ ಬೇಡ.

3. ಗಾಡಿಯನ್ನು ಎತ್ತಿ ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಡಿ. ಜ್ಯಾಕ್ ಮೇಲೆ ನಂಬಿಕೆ ಇಟ್ಟು ಕೆಳಗೆ ನುಗ್ಗಬೇಡಿ. ಇನ್ನೊಂದು ಜ್ಯಾಕಿನ ಮೇಲೆ ಅಗಲ ಹಲಗೆ ಇಟ್ಟು ಟ್ಯಾಂಕಿನ ಕೆಳಗೆ ತಾಗಿಸಿ ನಿಲ್ಲಿಸಿ.

4. ಪಟ್ಟಿಗಳನ್ನು ಬಿಚ್ಚಿ. ಟ್ಯಾಂಕನ್ನು ಹಿಡಿದಿರುವ ಕಬ್ಬಿಣದ ಪಟ್ಟಿಗಳ ಬೋಲ್ಟು ಉದ್ದ, ತುಕ್ಕು ಜಾಸ್ತಿ. ಹಿಂದಿನ ದಿನ ಸಂಜೆಯೇ ತಂತಿ ಬ್ರಷ್‌ನಿಂದ ಉಜ್ಜಿ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಬೆಳಿಗ್ಗೆ ಇನ್ನೊಮ್ಮೆ ಹಾಕಿ. ನಟ್ಟನ್ನು ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ವಾಪಸ್ ಬಿಗಿದು, ಹೀಗೇ ನಿಧಾನ ಹೋಗಿ. ನನ್ನ ಗಾಡಿಯಲ್ಲಿ ಒಂದು ಬೋಲ್ಟ್ ತುಂಡಾಗಿದ್ದು ಅವಸರ ಮಾಡಿದ್ದಕ್ಕೆ. ಕಾಯಿಸಿ ಬಿಚ್ಚುವ ಆಲೋಚನೆ ಇಲ್ಲಿ ಬೇಡವೇ ಬೇಡ.

5. ಒಂದು ಗೇಣು ಮಾತ್ರ ಇಳಿಸಿ ನಿಲ್ಲಿಸಿ. ಮೇಲೆ ಕೈ ಹಾಕಿ ವೈರಿನ ಕನೆಕ್ಟರ್, ಆವಿಯ ಪೈಪು, ಹೋಗುವ ಪೈಪು, ವಾಪಸ್ ಪೈಪು ಬಿಡಿಸಿ. ಬಿಡಿಸುವ ಮೊದಲು ಫೋಟೋ ತೆಗೆದು, ಪೈಪಿಗೆ ಗುರುತು ಕಟ್ಟಿ.

ಪೈಪಿನ ತುದಿಗಳ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಹೊಸಬರ ಬೆರಳು ಗಾಯವಾಗುವುದು ಇಲ್ಲೇ. ಕೆಲವು ತುದಿಗಳಲ್ಲಿ ತಲೆಪಿನ್ ಆಕಾರದ ಪ್ಲಾಸ್ಟಿಕ್ ಕ್ಲಿಪ್ ಇರುತ್ತದೆ. ಅದರ ಕಾಲುಗಳನ್ನು ಒಂಚೂರು ಅಗಲಿಸಿ ಹೊರಗೆಳೆದರೆ ಪೈಪ್ ಕಳಚುತ್ತದೆ. ಮೊದಲು ಸುತ್ತಲಿನ ಮಣ್ಣನ್ನು ನೀರು ಚಿಮುಕಿಸಿ ತೊಳೆಯಿರಿ. ಮರಳು ಕೂತಿದ್ದರೆ ಎಷ್ಟು ಎಳೆದರೂ ಬರುವುದಿಲ್ಲ. ಹಳೇ ಕ್ಲಿಪ್ ಮತ್ತೆ ಬಳಸಬೇಡಿ, ಹೊಸದು ಕೆಲವೇ ಡಾಲರ್. ಇಂಜಿನ್ ಹತ್ತಿರ ಸ್ಪ್ರಿಂಗ್ ಅಡಗಿರುವ ಬೇರೆ ಥರದ ತುದಿ ಇದೆ. ಅದಕ್ಕೆ ಅದರದೇ ಬಳೆಯಂಥ ಸಾಧನ ಬೇಕು, ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಕೆಡುತ್ತದೆ.

ಹಿಂದಿನ ಟ್ಯಾಂಕಿಗೆ ಇನ್ನೊಂದು ದಾರಿ ಇದೆ. ಪಟ್ಟಿಯ ಬೋಲ್ಟು ತೀರಾ ಹಾಳಾಗಿದ್ದರೆ, ಬೆಡ್ ಬೋಲ್ಟುಗಳನ್ನು ಬಿಚ್ಚಿ, ಹಿಂದಿನ ಲೈಟಿನ ವೈರು ಮತ್ತು ಪೆಟ್ರೋಲ್ ಬಾಯಿಯ ಸ್ಕ್ರೂ ಕಳಚಿ, ನಾಲ್ಕು ಜನ ಸೇರಿ ಬೆಡ್ಡನ್ನೇ ಎತ್ತಿ ಪಕ್ಕಕ್ಕಿಡಬಹುದು. ಆಮೇಲೆ ಪಂಪು ಕಣ್ಣೆದುರೇ ಇರುತ್ತದೆ. ನನಗೆ ಕೇಳಿದರೆ ಇದೇ ವಾಸಿ.

ಮಾಡ್ಯೂಲ್ ತೆಗೆಯುವುದು, ಕೂರಿಸುವುದು

ಟ್ಯಾಂಕಿನ ತಲೆಯ ಮೇಲಿನ ಧೂಳನ್ನು ಒರೆಸಿ ತೆಗೆಯಿರಿ, ಒಳಗೆ ಬೀಳಬಾರದು. ಬಿಗಿದ ಬಳೆಯನ್ನು ಹಿತ್ತಾಳೆ ಸರಳಿನಿಂದ ಎಡಕ್ಕೆ ಮೆಲ್ಲಗೆ ಬಡಿಯುತ್ತಾ ತಿರುಗಿಸಿ. ಕಬ್ಬಿಣದ ಉಳಿ ಬೇಡ, ಕಿಡಿ ಹಾರುತ್ತದೆ. ಮಾಡ್ಯೂಲನ್ನು ನೇರ ಎತ್ತಿ, ಆಮೇಲೆ ಓರೆ ಮಾಡಿ ಫ್ಲೋಟ್ (ಮೀಟರಿಗೆ ಮಟ್ಟ ತಿಳಿಸುವ ತೇಲುವ ಭಾಗ) ಬಗ್ಗದಂತೆ ಹೊರಗೆ ತೆಗೆಯಿರಿ.

ಈಗ ಫ್ಲೋಟನ್ನೂ ಪರೀಕ್ಷಿಸಿಬಿಡಿ. 1987ರಿಂದೀಚಿನ ಗಾಡಿಗಳಲ್ಲಿ ಫ್ಲೋಟ್ ಪೂರ್ತಿ ಕೆಳಗಿದ್ದಾಗ ಅದರ ರೆಸಿಸ್ಟೆನ್ಸ್ ಸುಮಾರು 16 ಓಮ್, ಪೂರ್ತಿ ಮೇಲಿದ್ದಾಗ 158 ಓಮ್ ಬರಬೇಕು. ನಡುವೆ ಎಲ್ಲೂ ಜಿಗಿಯಬಾರದು. ಅದಕ್ಕಿಂತ ಹಿಂದಿನ ಗಾಡಿಗಳಲ್ಲಿ ಲೆಕ್ಕ ಉಲ್ಟಾ: ಖಾಲಿಗೆ 73, ತುಂಬಿದಾಗ 10. ಹಳೇ ಥರದ್ದನ್ನು ಹೊಸ ಗಾಡಿಗೆ ಹಾಕಿದರೆ ಖಾಲಿ ಟ್ಯಾಂಕ್ ಅರ್ಧ ಎಂದು ತೋರಿಸುತ್ತದೆ. ಹೊಸದನ್ನೂ ಟ್ಯಾಂಕಿಗೆ ಹಾಕುವ ಮೊದಲೇ ಅಳೆಯಿರಿ.

ಟಾರ್ಚ್ ಹಿಡಿದು ಟ್ಯಾಂಕಿನ ಒಳಗೆ ನೋಡಿ. ಸ್ವಲ್ಪ ಕೆಸರಿದ್ದರೆ ಒರೆಸಿ ತೆಗೆಯಬಹುದು. ಕಬ್ಬಿಣದ ಟ್ಯಾಂಕಿನ ಗೋಡೆಯಲ್ಲಿ ತುಕ್ಕಿನ ಪದರ ಎದ್ದಿದ್ದರೆ ಹೊಸ ಟ್ಯಾಂಕ್ ಕೊಳ್ಳಿ. ಒಳಗೆ ಬಣ್ಣದಂಥದ್ದು ಬಳಿದು ಉಳಿಸುವ ವಿಧಾನವೂ ಇದೆ. ಅದು ಎದ್ದು ಬಂದರೆ ಹೊಸ ಪಂಪಿಗೇ ಸಿಕ್ಕಿಕೊಳ್ಳುತ್ತದೆ, ನಾನು ಒಪ್ಪುವುದಿಲ್ಲ. ಖಾಲಿ ಟ್ಯಾಂಕಿಗೆ ಬೆಸುಗೆ ಹಾಕಲು ಯಾರಾದರೂ ಹೇಳಿದರೆ ಬೇಡ ಅನ್ನಿ. ಖಾಲಿ ಟ್ಯಾಂಕಿನಲ್ಲಿ ತುಂಬಿರುವುದು ಆವಿ, ಸಿಡಿಯುವುದು ಅದೇ.

ರಬ್ಬರ್ ಪೈಪುಗಳಲ್ಲಿ ಕಂಜೂಸಿ ಮಾಡಬೇಡಿ. ಇಂಜೆಕ್ಷನ್ ಗಾಡಿಯ ಒತ್ತಡಕ್ಕೆ ಪೈಪಿನ ಮೇಲೆ ಜೆ30ಆರ್9 ಎಂಬ ಗುರುತು ಇರಬೇಕು. ಆರ್7 ಕಾರ್ಬುರೇಟರ್ ಗಾಡಿಗೆ. ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿ ಮುಳುಗಿರುವ ತುಂಡಿಗೆ ಆರ್10 ಗುರುತಿನದೇ ಬೇಕು. ಆರ್9 ಪೈಪಿನ ಹೊರಮೈ ಒಳಗೆ ಮುಳುಗಿದರೆ ಕರಗುತ್ತದೆ. ಫಿಲ್ಟರಿನಲ್ಲಿ ಕಂಡ ಕರೀ ಚೂರುಗಳಿಗೆ ಕೆಲವು ಸಲ ಇದೇ ಕಾರಣ.

ಹೊಸ ಸೀಲ್ ಹಾಕಿ. ತೋಡಿನಲ್ಲಿ ಸರಿಯಾಗಿ ಕೂತಿದೆಯಾ ಎಂದು ಬೆರಳಾಡಿಸಿ ನೋಡಿ. ಬಳೆ ತಿರುಗಿಸುವಾಗ ಇನ್ನೊಬ್ಬರು ಮಾಡ್ಯೂಲನ್ನು ಒತ್ತಿ ಹಿಡಿದಿರಲಿ, ಇಲ್ಲವಾದರೆ ಸೀಲ್ ಜಾರುತ್ತದೆ. ಪಟ್ಟಿಗೂ ಟ್ಯಾಂಕಿಗೂ ನಡುವಿನ ರಬ್ಬರ್ ಪಟ್ಟಿ ಮರೆಯಬೇಡಿ. ತುಂಬಿಸುವ ದಪ್ಪ ಪೈಪನ್ನು ಬಗ್ಗಿಸಿ ನೋಡಿ, ಬಿರುಕು ಕಂಡರೆ ಈಗಲೇ ಬದಲಿಸಿ. ಪೈಪುಗಳನ್ನು ಕೂರಿಸುವಾಗ ಟಕ್ ಎಂದು ಕೇಳಬೇಕು. ಕೇಳಿದ ಮೇಲೂ ಒಮ್ಮೆ ಎಳೆದು ನೋಡಿ.

ಮತ್ತೆ ಸ್ಟಾರ್ಟ್ ಮಾಡುವ ಮೊದಲು

ಮೊದಲು 20 ಲೀಟರ್ ಮಾತ್ರ ಹಾಕಿ. ಬ್ಯಾಟರಿ ಜೋಡಿಸಿ, ಇನರ್ಶಿಯಾ ಸ್ವಿಚ್ಚಿನ ಕನೆಕ್ಟರ್ ವಾಪಸ್ ಹಾಕಿ. ಕೀಯನ್ನು ಆನ್ ಮಾಡಿ, ನಿಲ್ಲಿಸಿ, ಹೀಗೆ ಐದಾರು ಸಲ ಮಾಡಿ. ಗೇಜಿನಲ್ಲಿ ಒತ್ತಡ ಏರಿ ನಿಲ್ಲಬೇಕು. ಈಗ ಒಣ ಟಿಶ್ಯೂ ಕಾಗದವನ್ನು ಪ್ರತಿ ಜೋಡಣೆಗೂ ಒತ್ತಿ ನೋಡಿ. ಕಣ್ಣಿಗೆ ಕಾಣದ ಪಸೆ ಕಾಗದದ ಮೇಲೆ ಕಲೆಯಾಗುತ್ತದೆ. ಒಂದು ಚುಕ್ಕೆ ಬಂದರೂ ಸ್ಟಾರ್ಟ್ ಮಾಡಬೇಡಿ.

ಹಳೇ ಪೆಟ್ರೋಲನ್ನು ಚರಂಡಿಗೋ ಮಣ್ಣಿಗೋ ಚೆಲ್ಲಬೇಡಿ, ನಿಮ್ಮ ಕೌಂಟಿಯ (ಇಲ್ಲಿನ ಜಿಲ್ಲೆ) ಅಪಾಯಕಾರಿ ಕಸ ಸಂಗ್ರಹಿಸುವ ಕಡೆ ಕೊಡಿ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಹೊರಗೆ ಹರವಿ.

ಗಾಡಿ ಸರಿಯಾಗಿ ಓಡಿದರೂ ಕೆಲಸ ಮುಗಿದಿಲ್ಲ. ಮೇಲಿನ ಸೀಲ್ ಸೋರುವುದು ಟ್ಯಾಂಕ್ ತುಂಬಿದಾಗ ಮಾತ್ರ. ಅರ್ಧ ಟ್ಯಾಂಕಿನಲ್ಲಿ ಗೊತ್ತಾಗುವುದೇ ಇಲ್ಲ. ಹಾಗಾಗಿ ರಿಪೇರಿ ಮಾಡಿದ ಟ್ಯಾಂಕನ್ನು ಪೂರ್ತಿ ತುಂಬಿಸಿ, ರಾತ್ರಿ ಹೊರಗೇ ನಿಲ್ಲಿಸಿ, ಕೆಳಗೆ ರಟ್ಟು ಹಾಸಿಡಿ. ಬೆಳಿಗ್ಗೆ ರಟ್ಟು ಒಣಗಿದ್ದು, ವಾಸನೆಯೂ ಇಲ್ಲದಿದ್ದರೆ ಆ ಟ್ಯಾಂಕಿನಲ್ಲೇ ಓಡಿಸಿ ಅರ್ಧಕ್ಕೆ ಇಳಿಸಿ. ಆಮೇಲೆ ಆ 30 ಮೈಲಿಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಈ ಸಲ ಎರಡೂ ಕಡೆಯಿಂದ. ಹೊಸ ಮಾಡ್ಯೂಲಿನ ವಾಲ್ವ್ ಮುಚ್ಚುತ್ತಿದೆಯೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ.